ಹೆರಿಗೆಯಾದ ಆರನೆಯ ದಿನ

ಹೂಸ್ಟನ್ನಿನಲ್ಲಿ ಓದುತ್ತಿದ್ದಾಗ ನನಗೆ ಸಿಕ್ಕಿದ್ದ ಕೆಲಸ, ನೂರು ವರ್ಷ ಹಿಂದಿನ ಒಂದು ಹೆರಿಗೆ ಆಸ್ಪತ್ರೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವುದು. ತಾಯಿ ಮನೆಗೆ ಹೋದಳೇ, ಮಗು ಉಳಿಯಿತೇ, ಇಲ್ಲವಾದರೆ ಏನಾಯಿತು. ಒಬ್ಬೊಬ್ಬರಿಗೂ ಒಂದೊಂದು ಸಾಲು. ಲೆಕ್ಕ ಇಡುವುದು ಚಿಕ್ಕಂದಿನಿಂದಲೂ ನನಗೆ ಇಷ್ಟ. ಆದರೂ ಫಿಟ್ಸ್ ಬಂದು ಸತ್ತವರ ಸಾಲುಗಳು ಬಂದಾಗ ಕೈ ನಿಧಾನವಾಗುತ್ತಿತ್ತು. ಅವರಲ್ಲಿ ಕೆಲವರಿಗೆ ಅದು ಬಂದದ್ದು ಹೆರಿಗೆ ಸುಸೂತ್ರವಾಗಿ ಮುಗಿದು ಕೆಲವು ದಿನಗಳಾದ ಮೇಲೆ. ಅದಕ್ಕೆ ಮುಂಚೆ ಬರೆದಿರುತ್ತಿದ್ದದ್ದು ಇಷ್ಟೇ: ತಲೆನೋವು, ಕಣ್ಣು ಮಂಜು.

2014ರ ಮಾರ್ಚಿನಲ್ಲಿ ಹೂಸ್ಟನ್ ಪಕ್ಕದ ಪೇರ್ಲ್ಯಾಂಡಿನಲ್ಲಿದ್ದ ಅಕ್ಕನಿಗೆ ಹೆಣ್ಣುಮಗುವಾಯಿತು. ಬಾಣಂತನಕ್ಕೆ ಅಮ್ಮ ಮೈಸೂರಿನಿಂದ ಬಂದಿದ್ದಳು. ಆರನೆಯ ದಿನ, ಶನಿವಾರ, ನಾನು ಹೋದಾಗ ಎಸಿ ಗಾಳಿ ಬರುವ ಕಿಂಡಿಗೆ ಅಮ್ಮ ಟವೆಲ್ ತುರುಕಿದ್ದಳು. ಅಕ್ಕ ಕಿವಿ ಮುಚ್ಚುವಂತೆ ಸ್ಕಾರ್ಫ್ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಿಂದಿನ ಸಂಜೆಯಿಂದ ತಲೆನೋವಂತೆ. ಶೀತ ಏರಿದೆ ಎಂದು ಅಮ್ಮ ಹಣೆಗೆ ಶುಂಠಿ ತೇದು ಹಚ್ಚಿ, ಸ್ಕಾರ್ಫನ್ನು ಇನ್ನೂ ಬಿಗಿ ಮಾಡಿದ್ದಳು.

"ಕಣ್ಣು ಮುಚ್ಚಿದ್ರೂ ಮಿಣುಕುಹುಳ ಹಾರ್ದಂಗಾಗುತ್ತೆ ಕಣೇ," ಎಂದಳು ಅಕ್ಕ.

ಹೊದಿಕೆ ಸರಿಸಿ ನೋಡಿದೆ. ಪಾದಗಳು ಊದಿಕೊಂಡಿದ್ದವು. ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದೆ. ಆಸ್ಟಿನ್ನಿಗೆ ಹೋಗಿದ್ದ ಭಾವ ಫೋನಿನಲ್ಲಿ, ಸಂಜೆ ತಾನು ಬಂದ ಮೇಲೆ ನೋಡೋಣ ಎಂದರು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಹನ್ನೊಂದು ದಿನ ಆಗ್ದೆ ಹಸಿ ಬಾಣಂತೀನ ಹೊಸಿಲು ದಾಟಿಸ್ತೀಯಾ? ಮೊದ್ಲು ನೀನೊಂದು ಹೆತ್ತು ತೋರ್ಸು, ಆಮೇಲೆ ನಂಗೆ ಹೇಳ್ಕೊಡುವಂತೆ."

"ಅಮ್ಮ, ಇದೇ ತಲೆನೋವು ಅಂತ ಮಲಗಿ ಸತ್ತೋರನ್ನ ನಾನು ದಿನಾ ಟೈಪ್ ಮಾಡ್ತಿದೀನಿ."

ಅಮ್ಮ ಬಾಗಿಲು ಬಿಟ್ಟು ಸರಿದು ಮಗುವನ್ನು ಎತ್ತಿಕೊಂಡಳು.

ಕಾರಿನಲ್ಲಿ ಅಕ್ಕ ಎಲ್ಲಿ ಮಾತು ನಿಲ್ಲಿಸುತ್ತಾಳೋ ಎಂಬ ಹೆದರಿಕೆಗೆ ನಾನು ಏನೇನೋ ಕೇಳುತ್ತಲೇ ಡ್ರೈವ್ ಮಾಡಿದೆ. ಆಸ್ಪತ್ರೆಯಲ್ಲಿ ಬಿಪಿ ವಿಪರೀತ ಏರಿದ್ದು ಕಂಡದ್ದೇ ನರ್ಸ್ ಗೋಡೆಯ ಮೇಲಿನ ಗುಂಡಿ ಒತ್ತಿದಳು. ಕೋಣೆ ತುಂಬ ಜನ ಬಂದರು. ಫಿಟ್ಸ್ ಬರದಂತೆ ಮೆಗ್ನೀಸಿಯಂ ಡ್ರಿಪ್ ಹಾಕಿದರು. ಆ ಔಷಧಿ ಹೆಚ್ಚಾದರೆ ಉಸಿರೇ ನಿಲ್ಲಬಹುದು, ಅದಕ್ಕೆ ಮುಂಚೆ ಮೊಣಕಾಲಿಗೆ ತಟ್ಟಿದರೆ ಕಾಲು ಎಗರುವುದು ನಿಲ್ಲುತ್ತದೆ ಎಂದು ನರ್ಸ್ ವಿವರಿಸಿದಳು. ಆಗಾಗ ಬಂದು ಪುಟ್ಟ ಸುತ್ತಿಗೆಯಿಂದ ಅಕ್ಕನ ಮೊಣಕಾಲು ತಟ್ಟುತ್ತಿದ್ದಳು. ಕಾಲು ಎಗರುವವರೆಗೆ ಅಮ್ಮನೂ ನಾನೂ ಉಸಿರು ಹಿಡಿಯುತ್ತಿದ್ದೆವು. ಒಂದು ಸಲ ಅದು ಏಳಲಿಲ್ಲ. ನರ್ಸ್ ಜಾಗ ಬದಲಿಸಿ ಮತ್ತೆ ತಟ್ಟಿದಳು. ಎದ್ದಿತು.

ಮರುದಿನ ಮಧ್ಯಾಹ್ನ ಡ್ರಿಪ್ ತೆಗೆದರು. ಒಂದು ಕೈಗೆ ಬಿಪಿ ಪಟ್ಟಿ ಸುತ್ತಿದ್ದರಿಂದ ಅಕ್ಕ ಇನ್ನೊಂದೇ ಕೈಯಲ್ಲಿ ಮಗುವನ್ನು ಎದೆಗೆ ಹಿಡಿಯಲು ಒದ್ದಾಡುತ್ತಿದ್ದಳು. ಇಬ್ಬರು ಮಕ್ಕಳನ್ನು ಹೆತ್ತು ಸಾಕಿದ ಅಮ್ಮ, ಹತ್ತಿರ ಹೋಗಲೋ ಬೇಡವೋ ಎಂಬಂತೆ ನನ್ನ ಮುಖ ನೋಡುತ್ತ ನಿಂತಿದ್ದಳು.

"ಅಮ್ಮ, ಮಗೂನ ಹಿಡ್ಕೊಳ್ಳೇ," ಎಂದಳು ಅಕ್ಕ.