ಅಕ್ಕನಿಗೆ ಕುಂಕುಮ ಹಚ್ಚಿದ ಕೈ

ನಮ್ಮೂರು ಶಿಗ್ಗಾಂವದಲ್ಲೇ ಡಾಕ್ಟರಿಗೆ ತೋರಿಸಿದರೆ ನಾಲ್ಕು ಮಂದಿಯ ಕಣ್ಣಿಗೆ ಬೀಳುತ್ತದೆ, ಮದುವೆಯಾಗದ ಹುಡುಗಿಗೆ ತಲೆ ಕೆಟ್ಟಿದೆ ಎಂದು ಸುದ್ದಿ ಹಬ್ಬುತ್ತದೆ ಎಂದು ಅವ್ವ ನನ್ನನ್ನು ಹಾನಗಲ್ಲಿಗೆ ಕರೆದುಕೊಂಡು ಹೋದಳು. ಅಕ್ಕ ತೀರಿಕೊಂಡು ಏಳು ತಿಂಗಳಾಗಿತ್ತು. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವಾಗ ಇದ್ದಕ್ಕಿದ್ದಂತೆ ಕೈಯಲ್ಲಿನ ಪುಸ್ತಕ ಬೀಳಿಸುತ್ತಿದ್ದೆ. ಹಾನಗಲ್ಲಿನ ಒಂದು ದವಾಖಾನೆಗೆ ಮನಸ್ಸಿನ ತೊಂದರೆ ಕೇಳುವ ಹೆಣ್ಣುಮಗಳೊಬ್ಬರು ವಾರಕ್ಕೊಮ್ಮೆ ಬರುತ್ತಾರೆಂದು ಯಾರೋ ಹೇಳಿದ್ದರು.

ಗುಟ್ಟಾಗಿರಲಿ ಎಂದೇ ಅಷ್ಟು ದೂರ ಬಂದ ಅವ್ವ, ಕುರ್ಚಿಯಲ್ಲಿ ಕುಳಿತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಕೇಳಿಯೇಬಿಟ್ಟಳು.

"ನಿಮ್ಮೂರು ಯಾವುದ್ರಿ ಬಾಯಾರ?"

"ಚಿಕ್ಕೇರೂರ್ರಿ."

"ಅಯ್ಯ, ನನ್ನ ತವರೂರ! ಯಾರ ಪೈಕಿ?"

ನಮ್ಮ ಕಡೆ ಇದನ್ನು ಕೇಳದೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೂ ಯಾರೂ ಕೂರುವುದಿಲ್ಲ. ಐದು ನಿಮಿಷದಲ್ಲಿ ಓಣಿ ಸಿಕ್ಕಿತು, ಮನೆ ಸಿಕ್ಕಿತು. "ಹಂಗಾರ ನೀ ನನ್ನ ತವರಿನ ಮಗಳು ಆದಿ ನೋಡು" ಎಂದಳು ಅವ್ವ. ಆಕೆ ನಕ್ಕು ಅವ್ವನನ್ನು ಹೊರಗೆ ಕೂರಿಸಿದರು. ಆದರೆ ಆಗಬೇಕಾದ ಅನಾಹುತ ಆಗಿಹೋಗಿತ್ತು, ಏಕೆಂದರೆ ಅದೇ ಓಣಿಯಲ್ಲಿ ನಮ್ಮ ಮಾವನ ಮನೆಯಿತ್ತು.

ಮಾವ ಎಂದರೆ ಅವ್ವನ ಕಡೇ ತಮ್ಮ, ಅಕ್ಕನ ಗಂಡ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದಲ್ಲ. ಹಿರಿಯಳದು ಮೊದಲು, ಅದೂ ಪದ್ಧತಿಯೇ. ಅಕ್ಕನ ಅಕ್ಷತೆಯ ಹೊತ್ತಿಗೆ ನನಗೆ ಇಪ್ಪತ್ತು ವರ್ಷ. ಹೊಟ್ಟೆನೋವು ಎಂದು ನೆಪ ಹೇಳಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅದು ಯಾಕೆಂದು ಯಾರೂ ಕೇಳಲಿಲ್ಲ.

ಈಗ ತಾಯಿಯಿಲ್ಲದ ಎರಡು ಮಕ್ಕಳನ್ನು ಇಟ್ಟುಕೊಂಡು ಮಾವ ಒಬ್ಬನೇ ಇದ್ದ. ಅವನನ್ನು ಮದುವೆ ಮಾಡಿಕೋ ಎಂದು ಅವ್ವ ದಿನಾ ಹೇಳುತ್ತಿದ್ದಳು. "ಅಕ್ಕನ ಜಾಗದಾಗ ನಾ ಹೆಂಗ ಕುಂಡ್ರಲಿ?" ಎಂದು ನಾನು ಅಂದಾಗಲೆಲ್ಲ ಬಂಧುಬಳಗ ಕಣ್ಣೊರೆಸಿಕೊಳ್ಳುತ್ತಿತ್ತು. ಎಂಥ ಹುಡುಗಿ, ಬಂಗಾರ! ಆ ಬಂಗಾರವೇ ನನ್ನ ಉಸಿರುಗಟ್ಟಿಸುತ್ತಿತ್ತು.

ಮೊದಲ ಎರಡು ಸಲ ದವಾಖಾನೆಯಲ್ಲಿ ಆಕೆಗೂ ಅದೇ ಮಾತು ಹೇಳಿದೆ. ಅಕ್ಕನ ನೆನಪು, ಅಕ್ಕನ ಜಾಗ. ನಡುನಡುವೆ ಆಕೆಯ ತಾಯಿಯ ಮೊಣಕಾಲು ನೋವನ್ನೂ ವಿಚಾರಿಸಿದೆ. ಚಿಕ್ಕೇರೂರಿಗೆ ಏನು ತಲುಪಬೇಕೋ ಅದನ್ನಷ್ಟೇ ಆಡಿ, ಹೊರಗೆ ಬಂದು ಇನ್ನಷ್ಟು ಕಂಗಾಲಾಗುತ್ತಿದ್ದೆ.

ಮೂರನೆಯ ಸಲ ಆಕೆ ಪೆನ್ನು ಕೆಳಗಿಟ್ಟರು.

"ನಿಮ್ಮವ್ವ ಊರು ಕೇಳಿದ್ರು, ನಾ ಹೇಳಬಾರದಿತ್ತು. ತಪ್ಪು ನಂದ. ಬ್ಯಾರೆಯವ್ರ ಕಡೆ ಹೊಕ್ಕೇನಿ ಅಂದ್ರ ಹಾವೇರ್ಯಾಗ ಒಬ್ರದಾರ, ಬರದ ಕೊಡ್ತೇನಿ. ಇಲ್ಲೇ ಮಾತಾಡಿದ್ದು ಮಾತ್ರ ನಮ್ಮೂರಿಗೆ ಹೋಗಾಂಗಿಲ್ಲ."

ನನಗೆ ಸಿಟ್ಟು ಬಂತು. ಇನ್ನೊಬ್ಬರ ಎದುರು ಮೊದಲಿನಿಂದ ಒಳ್ಳೆಯವಳಾಗಿ ತೋರಿಸಿಕೊಳ್ಳುವ ತಾಕತ್ತು ನನ್ನಲ್ಲಿ ಉಳಿದಿರಲಿಲ್ಲ.

"ಅಕ್ಕನ್ನ ಮಣ್ಣಿಗೆ ಒಯ್ಯೂಕಿಂತ ಮದಲ ಮುತ್ತೈದಿ ಅಂತ ಉಡಿ ತುಂಬಿದ್ರು. ಕುಂಕುಮ ಹಚ್ಚು ಅಂತ ಬಟ್ಟಲಾ ನನ್ನ ಕೈಯಾಗ ಕೊಟ್ರು. ಹಚ್ಚಾಕತ್ತಿದ್ದೆ. ಹಣಿಮ್ಯಾಲೆ ಬೆರಳಿತ್ರಿ. ಆವಾಗ... ಇನ್ನ ನನ್ನ ಪಾಳಿ ಅನಿಸ್ತು."

ಆಕೆಯ ಮುಖ ಹೇಸಿಗೆಯಿಂದ ಸಣ್ಣಗಾಗುವುದನ್ನು ಕಾದೆ. ಆಗಲಿಲ್ಲ.

"ಆಮ್ಯಾಲ?"

"ಆಮ್ಯಾಲ ಎಲ್ಲಾರಕಿಂತ ಜೋರು ಅತ್ತೇನಿ. ಮಂದಿ ಹಿಡಕೊಂಡ್ರು. ಅದು ಅಕ್ಕನ ಸಲುವಾಗಿ ಅತ್ತದ್ದಲ್ರಿ, ನನಗ ನಾನ ಹೆದರಿ ಅತ್ತದ್ದು."

ಎಲ್ಲ ಹೇಳಿದೆ, ಮುಗಿಯಿತು ಎಂದುಕೊಂಡೆ. ಆಕೆ ನೀರಿನ ಲೋಟ ನನ್ನ ಕಡೆ ಸರಿಸಿ ಕೇಳಿದರು, "ಈಗ ಏನ ಅನಸ್ತದ ನಿಮಗ?"

"ಅಕ್ಕನ ಜಾಗದಾಗ..." ಎಂದು ಬಾಯಿಪಾಠದ ಮಾತು ಅರ್ಧ ಬಂದು ನಿಂತಿತು.

"ಬೇಕ್ರಿ," ಎಂದೆ. "ಈಗೂ ಬೇಕು."

ಅದಕ್ಕೆ ಆಕೆ ಸರಿ ಎನ್ನಲಿಲ್ಲ, ತಪ್ಪೂ ಎನ್ನಲಿಲ್ಲ. ನಾನು ನೀರು ಕುಡಿದೆ. ಎಷ್ಟೋ ದಿನಗಳ ಮೇಲೆ ಗಂಟಲಲ್ಲಿ ಏನೋ ಸಲೀಸಾಗಿ ಇಳಿಯಿತು.

ಬಸ್ ಸ್ಟ್ಯಾಂಡಿನಲ್ಲಿ ಅವ್ವ ಎಂದಿನಂತೆ ಶುರುಮಾಡಿದಳು. "ನಾಳೆ ನಿಮ್ಮ ಮಾವ ಬರಾಂವದಾನ. ಮತ್ತ ಒಲ್ಲೆ ಅಂತ ಅವನ್ನ ಅಳಸಬ್ಯಾಡ."

"ಒಲ್ಲೆ ಅಂದದ್ದು ಸುಳ್ಳಬೇ. ನಾ ಮಾವನ್ನ ಮಾಡ್ಕೊಂತೇನಿ."

ಅವ್ವನ ಕಣ್ಣು ತುಂಬಿಬಂತು. ನನ್ನ ಗದ್ದ ಹಿಡಿದಳು. "ಅಕ್ಕನ ಮಕ್ಕಳ ಸಲುವಾಗಿ ಒಪ್ಪಿದಿಯಲ್ಲ, ನೀ ಬಂಗಾರ."

ಅಲ್ಲಿಗೆ ಸುಮ್ಮನಾಗಬಹುದಿತ್ತು. ಒಲ್ಲೆ ಎಂದಾಗಲೂ ಬಂಗಾರವಾಗಿದ್ದೆ, ಹೂಂ ಎಂದರೂ ಬಂಗಾರವೇ ಆಗುತ್ತಿದ್ದೆ.

"ಮಕ್ಕಳ ಸಲುವಾಗಿ ಅಲ್ಲಬೇ," ಎಂದೆ. "ಅಕ್ಕ ಇದ್ದಾಗನೂ ನನಗ ಅಂವನ ಬೇಕಾಗಿದ್ದ."

ಅವ್ವ ನನ್ನ ಗದ್ದದಿಂದ ಕೈ ತೆಗೆದಳು. ಶಿಗ್ಗಾಂವ ಬರುವ ತನಕ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕುಳಿತಿದ್ದಳು.