ಸಿಂಗಾರ ಮಾಡಿಕೊಂಡು ಹೆರಿಗೆಗೆ ಹೋದದ್ದು

ಹೆಣ್ಣುಮಕ್ಕಳ ಮುಖಕ್ಕೆ ಬಣ್ಣ ಹಚ್ಚುವುದೇ ನನ್ನ ಕೆಲಸ. ಮದ್ದೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ. ಮದುವೆ ಕಾಲ ಬಂತೆಂದರೆ ಪೆಟ್ಟಿಗೆ ಹಿಡಿದುಕೊಂಡು ಮಂಡ್ಯ, ಮಳವಳ್ಳಿ, ಶಿವಪುರ ಅಂತ ಕಲ್ಯಾಣ ಮಂಟಪಗಳನ್ನು ಸುತ್ತುತ್ತೇನೆ. ಅಳುತ್ತಾ ಕೂತ ಮದುಮಗಳ ಕಣ್ಣಿಗೆ ಕಾಡಿಗೆ ತೀಡುವಾಗಲೂ ನನ್ನ ಕೈ ನಡುಗಿದ್ದಿಲ್ಲ. ಹೀಗಿರುವವಳು ಎರಡನೇ ಹೆರಿಗೆಗೆ ಮೇಕಪ್ ಮಾಡಿಕೊಂಡು ಹೋಗುತ್ತೇನೆ ಅಂದರೆ ಅದರಲ್ಲಿ ಏನು ವಿಶೇಷವೋ ನನಗಂತೂ ಗೊತ್ತಾಗಲಿಲ್ಲ. ಮನೆ ಮಂದಿಗೆ ಮಾತ್ರ ಅದು ದೊಡ್ಡ ಸುದ್ದಿಯಾಯಿತು.

ಕಾರಣ ಇತ್ತು. ಮೊದಲನೆಯವಳು ಹುಟ್ಟಿದ್ದು ಗಡಿಬಿಡಿಯಲ್ಲಿ. ನಾನಾಗ ಮಳವಳ್ಳಿ ಹತ್ತಿರದ ತವರಿನಲ್ಲಿದ್ದೆ. ಇನ್ನೂ ಎರಡು ವಾರ ಇದೆ ಅನ್ನುವಾಗಲೇ ರಕ್ತ ಹೋಗಲು ಶುರುವಾಯಿತು. ಕಾರು ಮಾಡಿಕೊಂಡು ಮಂಡ್ಯಕ್ಕೆ ತಂದರು. ಪೂರ್ತಿ ಪ್ರಜ್ಞೆ ತಪ್ಪಿಸಿ ಹೊಟ್ಟೆ ಕೊಯ್ದರು. ನನಗೆ ಸರಿಯಾಗಿ ಎಚ್ಚರವಾಗುವ ಹೊತ್ತಿಗೆ ಮಗಳನ್ನು ಊರೆಲ್ಲ ನೋಡಿಯಾಗಿತ್ತು. ನನ್ನ ಗಂಡನ ಫೋನಿನಲ್ಲಿ ಆ ದಿನದ ಫೋಟೋಗಳು ಬೇಕಾದಷ್ಟಿವೆ. ಅತ್ತೆಯ ತೋಳಲ್ಲಿ ಮಗು, ನಾದಿನಿಯ ತೋಳಲ್ಲಿ ಮಗು, ಕಾರು ಓಡಿಸಿಕೊಂಡು ಬಂದವನ ತೋಳಲ್ಲಿ ಕೂಡ ಮಗು. ಹೆತ್ತವಳು ಮಾತ್ರ ಒಂದರಲ್ಲೂ ಇಲ್ಲ.

ಇದನ್ನು ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಮುಖ ಫೋಟೋ ತೆಗೆಯುವ ಹಾಗೆ ಇದ್ದಿರಲಾರದು, ಅದಕ್ಕೇ ಯಾರೂ ತೆಗೆದಿಲ್ಲ ಅಂದುಕೊಂಡು ಸುಮ್ಮನಿದ್ದೆ. ಆದರೆ ಮಗಳಿಗೆ ನಾಲ್ಕು ವರ್ಷ ತುಂಬಿ ಫೋನು ತಿರುವಲು ಕಲಿತ ಮೇಲೆ ಒಂದು ದಿನ ಎಲ್ಲ ಫೋಟೋ ನೋಡಿ, "ಅವ್ವಾ, ನಾನು ಹುಟ್ಟಿದಾಗ ನೀನು ಬಂದಿರ್ಲಿಲ್ವಾ?" ಅಂತ ಕೇಳಿದಳು. ನಾನು ನಗಾಡಿದೆ. ಒಳಗೆ ಮಾತ್ರ ಯಾರೋ ಚಿವುಟಿದಂತಾಯಿತು. ಆಗ ನನಗೆ ಎರಡನೆಯದು ಮೂರು ತಿಂಗಳು. ಈ ಸಲ ಮಗುವಿನ ಮೊದಲ ಫೋಟೋದಲ್ಲಿ ನಾನು ಇರಲೇಬೇಕು, ಅದೂ ನೋಡುವ ಹಾಗೆ ಇರಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಈ ಸಲವೂ ಸಿಸೇರಿಯನ್ನೇ, ಆದರೆ ದಿನ ಮೊದಲೇ ಗೊತ್ತುಮಾಡಿ, ಸೊಂಟಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು ಮಾಡುತ್ತೇವೆ, ನೀವು ಎಚ್ಚರವಾಗಿರುತ್ತೀರಿ ಅಂದರು ಡಾಕ್ಟರಮ್ಮ. ನಾನು ಮೇಕಪ್ಪಿನ ಮಾತೆತ್ತಿದೆ. ಅವರು ನಕ್ಕು, "ಮುಖಕ್ಕೆ ತೆಳ್ಳಗೆ ಏನಾದರೂ ಹಚ್ಚಿಕೊಳ್ಳಿ, ನನ್ನ ಅಭ್ಯಂತರ ಇಲ್ಲ. ಉಗುರಿಗೆ ಮಾತ್ರ ಬೇಡ. ಬೆರಳಿಗೆ ಕ್ಲಿಪ್ ಹಾಕಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುತ್ತೇವೆ, ಬಣ್ಣ ಇದ್ದರೆ ಗೊತ್ತಾಗಲ್ಲ," ಅಂದರು. ಮಗು ಬಂದ ಮೇಲೆ ಸಿಸ್ಟರ್ ಕೈಲಿ ಒಂದು ಫೋಟೋ ತೆಗೆಸಲೂ ಒಪ್ಪಿದರು. ಬೆರಳಿಗೆ ಕ್ಲಿಪ್ ತಾನೇ, ಒಂದು ಬೆರಳು ಬಿಟ್ಟರೆ ಸಾಕು ಅಂತ ನಾನು ನನ್ನಷ್ಟಕ್ಕೆ ಲೆಕ್ಕ ಹಾಕಿದೆ. ಬಾಯಿಬಿಟ್ಟು ಕೇಳಲಿಲ್ಲ.

ಅತ್ತೆಯ ಲೆಕ್ಕವೇ ಬೇರೆ. ಅವರು ಇರುವುದು ಕೆರಗೋಡಿನ ಕಡೆ, ಗದ್ದೆ ಕಬ್ಬು ನೋಡಿಕೊಂಡು. ನಮ್ಮ ಕಡೆ ಸಿಸೇರಿಯನ್ ಅಂತ ಗೊತ್ತಾದರೆ ಮೊದಲು ಹೋಗುವುದೇ ಜೋಯಿಸರ ಹತ್ತಿರ. ಡಾಕ್ಟರು ಒಂದು ವಾರ ಕೊಡುತ್ತಾರೆ, ಆ ವಾರದೊಳಗೆ ಒಳ್ಳೆಯ ಗಳಿಗೆಯನ್ನು ಜೋಯಿಸರು ಹೆಕ್ಕಿ ಕೊಡುತ್ತಾರೆ. ಅತ್ತೆ ತಂದ ಗಳಿಗೆ ಗುರುವಾರ ಬೆಳಗ್ಗೆ ಹತ್ತೂವರೆಯಿಂದ ಹನ್ನೊಂದೂಕಾಲು. ಅಷ್ಟರೊಳಗೆ ಮಗು ಈಚೆ ಬಂದರೆ ಆನೆಬಲವಂತೆ. ಡಾಕ್ಟರಮ್ಮನಿಗೆ ಇದೆಲ್ಲ ಮಾಮೂಲು. ಡೈರಿ ತೆಗೆದು ಗುರುತು ಹಾಕಿಕೊಂಡರು.

ಗುರುವಾರ ಬೆಳಗ್ಗೆ ಕನ್ನಡಿ ಮುಂದೆ ಕೂತೆ. ತೆಳುವಾಗಿ ಫೌಂಡೇಶನ್, ಕಣ್ಣಿಗೆ ಕಾಡಿಗೆ, ತುಟಿಗೆ ಎದ್ದು ಕಾಣದ ಬಣ್ಣ. ಉಗುರಿಗೆ ಹಿಂದಿನ ದಿನವೇ ಜೆಲ್ ಪಾಲಿಶ್ ಹಚ್ಚಿ, ಲೈಟಿನ ಕೆಳಗಿಟ್ಟು ಒಣಗಿಸಿಕೊಂಡಿದ್ದೆ. ಗಿರಾಕಿಗಳಿಗೆ ನಾನೇ ಹೇಳುವ ಮಾತು: ಮಾಮೂಲಿ ಪಾಲಿಶ್ ಪಾತ್ರೆ ತೊಳೆದರೆ ಕಿತ್ತು ಬರುತ್ತೆ, ಜೆಲ್ ಹಾಗಲ್ಲ, ಕಲ್ಲಿನ ಹಾಗೆ ಕೂರುತ್ತೆ. ಬಲಗೈಯ ತೋರುಬೆರಳನ್ನು ಮಾತ್ರ ಬೋಳಾಗಿ ಬಿಟ್ಟಿದ್ದೆ. ಎಡಗೈಗೆ ಐದೂ ಬೆರಳಿಗೆ ಮೆರೂನ್ ಬಣ್ಣ. ಮಗುವನ್ನು ಎಡಗೆನ್ನೆಗೆ ತಂದು ತಾಗಿಸುತ್ತಾರೆ, ಆಗ ಮಗುವಿನ ಮೇಲೆ ಇಡುವುದು ಎಡಗೈ, ಫೋಟೋದಲ್ಲಿ ಕಾಣುವುದು ಅದೇ. ಇಷ್ಟೆಲ್ಲ ಯೋಚನೆ ಮಾಡಿದ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ.

ಮಗಳನ್ನು ನನ್ನ ಅಮ್ಮನ ಹತ್ತಿರ ಬಿಟ್ಟು ನಾನು, ನನ್ನ ಗಂಡ, ಅತ್ತೆ ಹೊರಟೆವು. ಕಾರಿನಲ್ಲಿ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನವ್ವಾ, ಮದ್ವೆಗೆ ಓಯ್ತಿದ್ದೀಯಾ?"

"ಹೂಂ ಅತ್ತೆ. ನಿಮಗೂ ಸ್ವಲ್ಪ ಪೌಡರ್ ಹಾಕ್ಲಾ?"

"ಬಸುರಿ ಹೆಂಗ್ಸು ಇಂಗೆಲ್ಲ ಬಳ್ಕಂಡು ಓದ್ರೆ ಕಣ್ಣಾಗ್ತದೆ ಕಣಮ್ಮಿ. ಯೋಳುದ್ರೆ ಕೇಳಲ್ಲ." ನನ್ನ ಕಾಡಿಗೆಯನ್ನೇ ಬೆರಳಿಗೆ ಒತ್ತಿಕೊಂಡು ನನ್ನ ಅಂಗಾಲಿಗೆ ಒಂದು ದೃಷ್ಟಿಬೊಟ್ಟು ಇಟ್ಟರು. 

ಆಸ್ಪತ್ರೆಯಲ್ಲಿ ಥಿಯೇಟರ್ ಪಕ್ಕದ ಕೋಣೆಯಲ್ಲಿ ಮಲಗಿಸಿದರು, ಜೊತೆಗೆ ಅತ್ತೆಯನ್ನು ಮಾತ್ರ ಬಿಟ್ಟರು. ಸಿಸ್ಟರ್ ಬಳೆ, ಓಲೆ, ಕಾಲುಂಗುರ ತೆಗೆಸಿದರು. ತಾಳಿ ತೆಗೆಯುವ ಮೊದಲೇ ಅತ್ತೆ ಅರಿಶಿನದ ಕೊಂಬು ಕಟ್ಟಿದ ದಾರ ಸಿದ್ಧ ಇಟ್ಟುಕೊಂಡಿದ್ದರು, ಅದನ್ನು ಕೊರಳಿಗೆ ಕಟ್ಟಿಯೇ ತಾಳಿ ಬಿಚ್ಚಲು ಬಿಟ್ಟರು. ಆಮೇಲೆ ಡ್ರಿಪ್ ಸೂಜಿ. ಬಲಗೈಯಲ್ಲಿ ನರ ಸಿಗಲಿಲ್ಲ, ಎಡಗೈಗೆ ಹಾಕಿದರು. ಬಲತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿದರು. ನಾನು ಬಲಗೈಯ ಬೋಳು ಬೆರಳನ್ನು ಮುಂದೆ ಚಾಚಿದೆ.

"ಈ ಕೈಗೆ ಆಗಲ್ಲ. ಪಟ್ಟಿ ಬಿಗಿದಾಗಲೆಲ್ಲ ರಕ್ತ ನಿಲ್ಲುತ್ತೆ, ಕ್ಲಿಪ್ ಸರಿಯಾಗಿ ತೋರಿಸಲ್ಲ," ಅಂದರು ಸಿಸ್ಟರ್. ಎಡಗೈ ಬೆರಳಿಗೆ ಸಿಕ್ಕಿಸಿದರು. ಮಿಷನ್ನಿನಲ್ಲಿ ಬರೀ ಗೆರೆ ಬಂತು. ಬೆರಳು ಬದಲಾಯಿಸಿದರು, ಕ್ಲಿಪ್ಪನ್ನು ಅಡ್ಡ ಹಾಕಿದರು. ಒಂದು ಸಲ ನಂಬರ್ ಬಂತು, ಹೋಯಿತು. ಕಾಲಿನ ಬೆರಳಿಗೆ ಹಾಕೋಣ ಅಂದರೆ ಆ ಉಗುರಿಗೂ ಅದೇ ಮೆರೂನ್.

ಅಷ್ಟರಲ್ಲಿ ಅರಿವಳಿಕೆ ಡಾಕ್ಟರು ಬಂದರು. ಮೂರು ಆಸ್ಪತ್ರೆ ಓಡಾಡುವ ಮನುಷ್ಯ, ಅವರಿಗೆ ತಾಳ್ಮೆ ಕಡಿಮೆ. ನನ್ನ ಮುಖ ನೋಡಿ ಮೊದಲು ತುಟಿ ಒರೆಸಿ ಅಂದರು, ತುಟಿ ನೀಲಿಯಾಗುತ್ತಾ ಅಂತ ಅವರು ನೋಡಬೇಕಂತೆ. ಒರೆಸಿಕೊಂಡೆ. ಆಮೇಲೆ ಕೈ ನೋಡಿದರು. "ಬಣ್ಣ ತೆಗೀರಿ. ನಂಬರ್ ಬರದೆ ನಾನು ಇಂಜೆಕ್ಷನ್ ಕೊಡಲ್ಲ." ಸಿಸ್ಟರ್ ರಿಮೂವರ್ ಹಚ್ಚಿ ಹತ್ತಿಯಲ್ಲಿ ಉಜ್ಜಿದರು. ಹತ್ತಿ ಬೆಳ್ಳಗೇ ಇತ್ತು. ಜೆಲ್ ಅಷ್ಟಕ್ಕೆಲ್ಲ ಬರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೋಡೆ ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು.

ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ. "ಬಂಗಾರದಂತಾ ಟೈಮು ಓಯ್ತಾ ಅದಲ್ಲ. ಈಗೇನ್ ಮಾಡುದು?"

"ನನ್ನ ಬ್ಯಾಗಲ್ಲಿ ಉಗುರು ಉಜ್ಜೋ ಅರ ಇದೆ ಅತ್ತೆ. ಕೊಡಿ," ಅಂದೆ. ಕೊಟ್ಟರು. ಬಲಗೈಯಲ್ಲಿ ಹಿಡಿದೆ. ಹಿಡಿದರೆ ಕೈ ನಡುಗುತ್ತಿದೆ. ಪಟ್ಟಿ ಬೇರೆ ತೋಳನ್ನು ಹಿಂಡುತ್ತಿದೆ. ಆಗ ನನಗೆ ನಿಜವಾಗಿ ಭಯವಾಯಿತು. ಗಳಿಗೆ ಹೋಗುತ್ತೆ ಅಂತಲ್ಲ. ಹೋದ ಸಲದ ಹಾಗೆ ಪೂರ್ತಿ ಮಲಗಿಸಿಬಿಟ್ಟರೆ, ಎದ್ದಾಗ ಮತ್ತೆ ಎಲ್ಲರೂ ನನಗಿಂತ ಮೊದಲು ಮಗುವನ್ನು ನೋಡಿಬಿಟ್ಟಿದ್ದರೆ ಅಂತ.

ಅತ್ತೆ ಅರವನ್ನು ನನ್ನ ಕೈಯಿಂದ ಕಿತ್ತುಕೊಂಡರು. ಸ್ಟೂಲ್ ಎಳೆದು ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಎಡಗೈಯ ನಡುಬೆರಳು ಹಿಡಿದರು. "ಎಂಗೆ ಉಜ್ಬೇಕು ಯೋಳು."

"ಒಂದೇ ಕಡೆಗೆ. ಮೆಲ್ಲಗೆ. ಉಗುರು ಸವೆಸಬೇಡಿ, ಬಣ್ಣ ಮಾತ್ರ."

ಮೆಲ್ಲಗೆ ಅನ್ನುವುದು ಅವರ ಕೈಗೆ ಬರುವ ಕೆಲಸವಲ್ಲ. ಸೀದ ಪಾತ್ರೆಯ ತಳ ಉಜ್ಜುವ ಹಾಗೆ ಉಜ್ಜಿದರು. ಮೆರೂನ್ ಪುಡಿ ಬಿಳಿ ಹಾಸಿಗೆಯ ಮೇಲೆಲ್ಲ ಉದುರಿತು. ನಾನು "ಅತ್ತೆ, ಚರ್ಮ" ಅಂದರೆ, "ಬಾಯ್ಮುಚ್ಕಂಡು ಬಿದ್ಕಂಡಿರು" ಅಂದರು. ಬೈದದ್ದು ಬೈದರು, ಬೆರಳನ್ನು ಮಾತ್ರ ಮಗುವಿನ ಬೆರಳಿನ ಹಾಗೆ ಹಿಡಿದಿದ್ದರು. ನಡುವೆ ಒಂದು ಸಲ ಊದಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜಿದರು. ಉಗುರು ಕಂಡಿತು. ಸಿಸ್ಟರ್ ಕ್ಲಿಪ್ ಹಾಕಿದರು. ನಂಬರ್ ಬಂದು ನಿಂತಿತು.

ಮುಂದಿನದು ಬೇಗ ಆಯಿತು. ಸೊಂಟದ ಇಂಜೆಕ್ಷನ್, ಕಾಲು ಭಾರ, ಎದೆಯ ಮುಂದೆ ಹಸಿರು ಬಟ್ಟೆಯ ಅಡ್ಡ. ನೋವಿರಲಿಲ್ಲ, ಹೊಟ್ಟೆಯೊಳಗೆ ಯಾರೋ ಚೀಲ ಜಗ್ಗಿದ ಹಾಗೆ ಆಗುತ್ತಿತ್ತು. ಆಮೇಲೆ ಮಗು ಅತ್ತಿತು. ಗಂಡುಮಗು. ಎಡಗೆನ್ನೆಗೆ ತಂದು ಇಟ್ಟರು. ಬಿಸಿಯಾಗಿತ್ತು. ನಾನು ಅಷ್ಟು ಅಳುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಸಿಸ್ಟರ್ ಫೋಟೋ ತೆಗೆದರು. ಮಗು ಈಚೆ ಬಂದಾಗ ಹನ್ನೊಂದೂಕಾಲು ದಾಟಿ ಎರಡು ನಿಮಿಷವಾಗಿತ್ತಂತೆ. ಆಸ್ಪತ್ರೆ ಗಡಿಯಾರ ಮುಂದಿದೆ ಅಂತ ಅತ್ತೆ ಇವತ್ತಿಗೂ ಎಲ್ಲರಿಗೂ ಹೇಳುತ್ತಾರೆ.

ಮಾರನೆಯ ದಿನ ಅಮ್ಮ ಮಗಳನ್ನು ಕರೆದುಕೊಂಡು ಬಂದರು. ಅವಳು ತಮ್ಮನನ್ನು ಒಂದು ಗಳಿಗೆ ನೋಡಿ, ಫೋನು ಕೊಡು ಅಂದಳು. ಫೋಟೋ ತೋರಿಸಿದೆ. ನನ್ನ ಕಸುಬಿಗೇ ಅವಮಾನ ಮಾಡುವ ಫೋಟೋ ಅದು. ಕಾಡಿಗೆ ಕರಗಿ ಎರಡು ಕಿವಿಯ ತನಕ ಹರಿದಿದೆ, ತುಟಿ ಒಣಗಿದೆ, ಎಡಗೈಯ ಉಗುರುಗಳಲ್ಲಿ ಒಂದು ಕೆರೆದು ಹಾಕಿದ ಗೋಡೆಯ ಹಾಗಿದೆ. ಅವಳು ಅದನ್ನು ದೊಡ್ಡದು ಮಾಡಿ ನನ್ನ ಮುಖವನ್ನೇ ನೋಡಿದಳು.

"ಯಾಕವ್ವ ಅಳ್ತಾ ಇದ್ದೀಯ?"

"ತಮ್ಮ ಬಂದ್ನಲ್ಲ, ಅದಕ್ಕೆ."

"ನಾನು ಬಂದಾಗ?"

ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ. "ಆಗ ನಂಗೆ ಎಚ್ಚರ ಇರ್ಲಿಲ್ಲ ಕಣವ್ವ. ಎದ್ದ ಮೇಲೆ ನಿನ್ನ ತಂದು ಕೊಟ್ರು. ಆವಾಗ ಅತ್ತುಬಿಟ್ಟೆ."

"ನೀನು ಮಲಗಿರೋ ಫೋಟೋನೂ ಇಲ್ವಾ?"

ಇಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆಯಲ್ಲಿ ಮಗುವಿನ ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಇತ್ತು ಕಣವ್ವ. ನಿಮ್ಮಪ್ಪ ತೆಗ್ದಿದ್ದ. ನಾನೇ ಅಳಿಸಾಕ್ಸಿಬುಟ್ಟೆ."

ನಾನು ಅವರ ಕಡೆ ತಿರುಗಿದೆ. ಐದು ವರ್ಷದಲ್ಲಿ ಮೊದಲ ಸಲ ಈ ಮಾತು ಕೇಳುತ್ತಿದ್ದೆ.

"ಯಾಕಜ್ಜಿ? ಅವ್ವ ಚೆನ್ನಾಗಿರ್ಲಿಲ್ವಾ?"

ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ಚೆಂದಗಿಂದ ಯಾರ್ ನೋಡುದ್ರು. ರಕ್ತ ಏರುಸ್ತಾ ಇದ್ರು. ಉಳೀತಾಳೋ ಇಲ್ವೋ ಗೊತ್ತಿರ್ನಿಲ್ಲ. ನಿಮ್ಮವ್ವುಂದು ಅದೇ ಕೊನೆ ಫೋಟೋ ಆಗ್ಬುಟ್ರೆ ಅಂತ ಬಯ ಆಯ್ತು ಕಣವ್ವ."