ಒಪ್ಪಿಗೆ ಪತ್ರ ಹೇಳಿದ ಕಾಯಿಲೆ

ಹೊಂಬಾಳಮ್ಮ ಸಿ.ಎಸ್. ಪುರದ ಶಾಲೆಯಲ್ಲಿ ಇಪ್ಪತ್ತು ವರ್ಷ ಬಿಸಿಯೂಟ ಬೇಯಿಸಿದವಳು. ಸಾರು ಹಳಸುವ ಮುಂಚೆಯೇ ಮೂಸಿ ಹೇಳುವ ಮೂಗು ಅವಳದು. ಅಂಥವಳಿಗೆ ಸ್ವಂತ ಮಗಳ ಸುಳ್ಳಿನ ವಾಸನೆ ಹತ್ತಲಿಲ್ಲ.

ಯುಗಾದಿ ಕಳೆದ ಮೇಲೆ ಹೊಂಬಾಳಮ್ಮನ ಕಣ್ಣು ಅರಿಶಿನವಾಯಿತು. ಮೈಯೆಲ್ಲ ಕಡಿತ, ಸೊಂಟದಲ್ಲಿ ಸೀರೆ ನಿಲ್ಲದು. ಮಗಳು ಕೋಮಲಾ ಬಟವಾಡಿಯ ತನ್ನ ಮನೆಗೆ ಕರೆತಂದು ತುಮಕೂರಿನ ಆಸ್ಪತ್ರೆಗೆ ತೋರಿಸಿದಳು. ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಒಳಗಿನ ಚೂರು ತೆಗೆದರು. ಏನಂತೆ ಅಂದರೆ, ಕೋಮಲಾ ಕಾಮಾಲೆ ಅಂದಳು.

ಕಾಮಾಲೆ ಅಂದ ಮೇಲೆ ಪಥ್ಯ ಬೇಕಲ್ಲ. ಗುಬ್ಬಿ ಕಡೆಯಿಂದ ಸೊಪ್ಪಿನ ಔಷಧಿ ತರಿಸಿ, ಉಪ್ಪು ಎಣ್ಣೆ ಬಿಟ್ಟು ನಲವತ್ತೆಂಟು ದಿನ ಸಪ್ಪೆ ಗಂಜಿ ಕುಡಿದಳು. ಕಾಸಿ ಕೊಡುತ್ತಿದ್ದವಳು ಕೋಮಲಾನೇ. ಆಸ್ಪತ್ರೆಯ ಡ್ರಿಪ್ಪು ಶಕ್ತಿಗೆ, ಕೂದಲು ಉದುರಿದ್ದು ಉಷ್ಣಕ್ಕೆ. ಎಲ್ಲಕ್ಕೂ ಉತ್ತರ ಸಿದ್ಧವಿತ್ತು. ಹೊಂಬಾಳಮ್ಮನ ತಮ್ಮ ಗಂಗರಾಜು ಕುಣಿಗಲ್ಲಿನಿಂದ ಬಂದಾಗಲೆಲ್ಲ, ಇನ್ನೊಂದು ತಿಂಗಳಿಗೆ ಸೌಟು ಹಿಡೀತೀಯ ಬುಡಕ್ಕ ಎಂದು ನಗಿಸಿ ಹೋಗುತ್ತಿದ್ದ.

ಶ್ರಾವಣದಲ್ಲಿ ಒಂದು ದಿನ ಕೋಮಲಾ ಮಾತ್ರೆಯ ಕ್ಯೂನಲ್ಲಿದ್ದಾಗ, ಇಂಪನಾ ಎಂಬ ಎಳೆ ಡಾಕ್ಟರು ಕಾಗದ ಹಿಡಿದು ಬಂದಳು.

"ಅಮ್ಮಾ, ನಿಮ್ಮ ಕ್ಯಾನ್ಸರ್ ಗಡ್ಡೆಯ ಚೂರಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ ಇದಾವೆ ಅಂತ ನೋಡ್ತೀವಿ. ನಿಮ್ಮ ಒಪ್ಪಿಗೆ ಬೇಕು."

ಹೊಂಬಾಳಮ್ಮ ಅಳಲಿಲ್ಲ. ಬಿಡಿಸಿ ಹೇಳವ್ವ ಅಂದಳು. ಗಡ್ಡೆ ಇರುವುದು ಜಠರದ ಹಿಂದಿನ ಮೇದೋಜೀರಕ ಗ್ರಂಥಿಯಲ್ಲಿ ಎಂದು ಇಂಪನಾ ವಿವರಿಸಿದಳು. ಎಲ್ಲರ ಬಾಯಲ್ಲೂ ಕರುಳಲ್ಲೂ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರುತ್ತವೆ, ಬಹಳಷ್ಟು ಒಳ್ಳೆಯವೇ. ಕೆಲವು ಅಲ್ಲಿಂದ ಗಡ್ಡೆಯೊಳಕ್ಕೆ ಸೇರಿಕೊಂಡು, ಡ್ರಿಪ್ಪಿನಲ್ಲಿ ಕೊಡುವ ಔಷಧಿಯನ್ನೇ ಮುರಿದು ಹಾಕುತ್ತವಂತೆ. ಕಾಯಿಲೆ ತರುವುದೂ ಅವೇನಾ ಎಂಬುದು ಇನ್ನೂ ಖಚಿತವಿಲ್ಲ.

ಹೊಂಬಾಳಮ್ಮ ಉಂಡದ್ದನ್ನೇ ಉಂಡು ಬೆಳೆದವು, ಉಂಡ ಮನೆಗೆ ಎರಡು ಬಗೆದವು.

ಕೋಮಲಾ ಬಂದವಳು ಕಾಗದ ನೋಡಿ ಬಿಳಿಚಿಕೊಂಡಳು. ನೀನು ಹೆದರ್ಕೋತೀಯ ಅಂತ, ಗಂಗರಾಜು ಮಾವನೂ ಬ್ಯಾಡ ಅಂದ ಎಂದು ತೊದಲಿದಳು.

"ಆ ಹುಳಗಳಿಗೆ ನಾನ್ಯಾರು ಅಂತ ಗೊತ್ತಿಲ್ಲ ಕಣೇ. ನಿಂಗೆ ಗೊತ್ತಿತ್ತು. ಸಪ್ಪೆ ಗಂಜಿ ಕುಡೀತಿದ್ರೆ ನೋಡ್ಕೊಂಡು ಕೂತಿದ್ಯಲ್ಲೇ."

ಸೈನು ತಾನು ಹಾಕುತ್ತೇನೆಂದು ಮಗಳು ಪೆನ್ನಿಗೆ ಕೈಚಾಚಿದಳು. ಹೊಂಬಾಳಮ್ಮ ಕೊಡಲಿಲ್ಲ.

"ಮೊದ್ಲು ಓದು. ಪೂರ್ತಿ."

ಕೋಮಲಾ ಓದಿದಳು. ಎರಡನೇ ಸಾಲಿನಲ್ಲೇ ಆ ಪದ ಬಂತು, ಅಲ್ಲಿ ನಿಂತಳು. ಹೊಂಬಾಳಮ್ಮ ಪೆನ್ನು ಹಿಡಿದು ಕಾದಳು. ಮಗಳು ಆ ಪದವನ್ನು ಗಟ್ಟಿಯಾಗಿ ಹೇಳುವವರೆಗೂ ಕಾದಳು.